ಚಿಪ್ಪು

ಚೀಟಿಯಲ್ಲಿ ಬರೆದದ್ದು: ಸೋಮಿ ಅಂಬಿಗ, ಅರವತ್ತಾರು,
ಎರಡೂ ಮಂಡಿ, ಮುಂಭಾಗ.
ಮುಂಭಾಗ ಅಂದರೆ ಸರಿಯಾಗಿ ಎಲ್ಲಿ, ಬೆರಳಿಟ್ಟು ತೋರಿಸಿ
ಎಂದಳು ಕುಮಟೆಯ ಡಾಕ್ಟರಮ್ಮ, ನನ್ನ ಮಗಳಿಗಿಂತ ಚಿಕ್ಕವಳು.
ಬೆರಳು ಸಾಲಲಿಲ್ಲ. ಇಡೀ ಅಂಗೈ ಕವುಚಿ ಇಟ್ಟೆ,
ಏಡಿಯನ್ನು ಮರಳಿಗೆ ಅದುಮಿ ಹಿಡಿಯುವ ಹಾಗೆ.

ಯಾವಾಗ ನೋವು?
ಹತ್ತುವಾಗ ಇಷ್ಟು. ಇಳಿಯುವಾಗ ಅಷ್ಟು.
ತದಡಿಯ ಧಕ್ಕೆಯಲ್ಲಿ ನೀರಿಳಿದ ಹೊತ್ತಿಗೆ
ಪಾಚಿಗಟ್ಟಿದ ಕೊನೇ ಮೂರು ಮೆಟ್ಟಿಲು ಹೊರಗೆ ಬರುತ್ತವಲ್ಲ,
ಅವನ್ನು ಈಗ ಬೆನ್ನು ತಿರುಗಿಸಿಯೇ ಇಳಿಯುತ್ತೇನೆ.
ದೋಣಿಯ ಹುಡುಗರು ನಗಲಿ.
ಸುಮ್ಮನೆ ಕೂತರೂ ನೋವು. ಕಾರವಾರದ ಬಸ್ಸಿನಲ್ಲಿ
ಅಂಕೋಲೆ ದಾಟುವಷ್ಟರಲ್ಲಿ ಕಾಲು ಚಾಚಲೇಬೇಕು,
ಮುಂದಿನ ಸೀಟಿನವರ ಚೀಲ ಒದ್ದಾದರೂ.
ಮಡಚಿದರೆ ಒಳಗೆ ಸದ್ದು,
ಬಳಚು ತುಂಬಿದ ಗೋಣಿಯನ್ನು ದರದರ ಎಳೆದಂತೆ.

ಅವಳು ಮಡಚಿದಳು, ಚಾಚಿದಳು, ಆ ಸದ್ದನ್ನು ಕೇಳಿದಳು,
ಕಿವಿಯಿಂದಲ್ಲ, ಅಂಗೈಯಿಂದ.
ಎಕ್ಸ್‌ರೇ ಬೆಳಕಿಗೆ ಹಿಡಿದು,
ಇದು ಮಂಡಿಚಿಪ್ಪು, ಇದರಡಿಯ ನುಣುಪು ಸವೆದಿದೆ,
ತೊಡೆಯ ಬಲ ಸೊರಗಿದರೆ ಚಿಪ್ಪು ತನ್ನ ಹಾದಿ ಬಿಟ್ಟು
ಒಂದು ಬದಿಗೆ ಉಜ್ಜುತ್ತದೆ.
ಮೇಲಿನ ಈ ಮೆತ್ತನೆ ಊತ ಬೇರೆ, ಅದು ನೀರಿನ ಚೀಲ,
ಮಂಡಿಯೂರಿ ದುಡಿದವರಿಗೆ ಬರುವುದು.
ಕಾರಣ ಒಂದೇ ಇರುವುದಿಲ್ಲ ಅಮ್ಮ,
ಈ ವಯಸ್ಸಿಗೆ ಎಲ್ಲ ಜೊತೆ ಕಟ್ಟಿಕೊಂಡು ಬರುತ್ತವೆ.

ಚಿಪ್ಪು!
ನಲವತ್ತು ವರ್ಷ ಅಘನಾಶಿನಿಯ ಕೆಸರಲ್ಲಿ ಕುಕ್ಕರಗಾಲಲ್ಲಿ ಕೂತು,
ಕೂತಲ್ಲೇ ಜರುಗಿ, ಮಂಡಿಯೂರಿ, ಮತ್ತೆ ಕೂತು
ನಾನು ಕೆದಕಿ ಹೆಕ್ಕಿದ್ದು ಅದನ್ನೇ ತಾನೆ.
ಎಷ್ಟು ಸಾವಿರ ಬಿಡಿಸಿದೆನೋ ಕತ್ತಿಯ ತುದಿಯಲ್ಲಿ.
ನನ್ನವೇ ಎರಡಿದ್ದವು.
ಲೆಕ್ಕಕ್ಕೆ ಹಿಡಿದಿರಲಿಲ್ಲ.

ಯಾವಾಗಾದರೂ ಬಿದ್ದದ್ದು ಉಂಟಾ? ಬಲಗಾಲಿಗೆ ಹಳೇ ಗಾಯ ಇದೆ.
ಕೆಸರಲ್ಲಿ ಜಾರಿದ್ದು ಎಂದೆ.
ಹದಿನೇಳು ವರ್ಷದ ಹಿಂದೆ ಗಂಡನಿಗೂ ಅದನ್ನೇ ಹೇಳಿದ್ದೆ.
ಕೆಸರಲ್ಲಿ ಬಿದ್ದವರ ಮಂಡಿ ಒಡೆಯುವುದುಂಟೇ,
ಪುಣ್ಯಾತ್ಮ ಕೇಳಲಿಲ್ಲ.

ಆ ವರ್ಷ ನಾಗವೇಣಿಗೆ ಶಾಲೆಯಿಂದ ಸೈಕಲ್ಲು ಕೊಟ್ಟಿದ್ದರು.
ಸಾಣಿಕಟ್ಟೆಯ ಉಪ್ಪಿನಾಗರದ ಬದಿಯ ರಸ್ತೆ,
ಉಪ್ಪೆಳೆಯುವವರೆಲ್ಲ ಊಟಕ್ಕೆ ಹೋದ ನಡುಹಗಲು,
ಬಿಳೀ ರಾಶಿಗಳ ನಡುವೆ ಕಣ್ಣು ಬಿಡಲಾಗದ ಬಿಸಿಲು.
ಸೀರೆಯನ್ನು ಕಚ್ಚೆ ಹಾಕಿ ಎತ್ತಿ ಕಟ್ಟಿದೆ.
ಹಿಂದೆ ಹಿಡಿಯಲು ಯಾರಿಲ್ಲ. ಮೊದಲ ಸಲ ಬಿದ್ದೆ, ಎರಡನೇ ಸಲವೂ.
ಮೂರನೇ ಸಲ ಅದು ತನ್ನಷ್ಟಕ್ಕೆ ನಿಂತಿತು,
ನಿಂತು ಓಡಿತು,
ನಾನು ಮೇಲಿದ್ದೆ,
ಕೊಕ್ಕರೆಯೊಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು.
ಆಮೇಲೆ ಚಿರೆಕಲ್ಲು.

ಬಾಗಿಲವರೆಗೆ ಹೋದವಳು ತಿರುಗಿ ಬಂದೆ.
ಕೆಸರಲ್ಲ ಡಾಕ್ಟರಮ್ಮ, ಸೈಕಲ್ಲು.
ಪೆನ್ನು ಎತ್ತಿ ಅವಳು ಕೇಳಿದ್ದು ಬೇರೇನೂ ಅಲ್ಲ:
ಕಲಿತಿರಾ ಮತ್ತೆ?
ಎಂಟು ಮಾರು, ಎಂದೆ.
ಅದನ್ನೂ ಬರೆದುಕೊಂಡಳೋ ಏನೋ, ಅವಳ ಅಕ್ಷರ ನನಗೆ ಓದಲಾಗದು.

ಈಗ ರಾತ್ರಿ ಚಾಪೆಯ ಮೇಲೆ ಕಾಲು ಚಾಚಿ
ಮಂಡಿಯ ಕೆಳಗೆ ಸುತ್ತಿದ ಟವೆಲ್ಲಿಟ್ಟು ಒತ್ತುತ್ತೇನೆ.
ತೊಡೆ ಬಿಗಿಯುತ್ತದೆ, ಚಿಪ್ಪು ಮೆಲ್ಲಗೆ ಮೇಲೆ ಸರಿಯುತ್ತದೆ,
ನೀರು ಬಂದದ್ದು ತಿಳಿದ ಬಳಚಿನಂತೆ.
ಹತ್ತು ಎಣಿಸುವವರೆಗೆ ಹಿಡಿಯಬೇಕು, ಹಾಗೆ ಹೇಳಿದ್ದಾಳೆ.
ನಾನು ಎಂಟಕ್ಕೆ ಬಂದು
ಸ್ವಲ್ಪ ಹೊತ್ತು ಅಲ್ಲೇ ಇರುತ್ತೇನೆ.