ಹೂತ ಲೆಕ್ಕ

ಮೊದಲನೆಯದಕ್ಕೆ ಬಾಗಿಲೇ ನೆಟ್ಟಗಿರಲಿಲ್ಲ.
ಬಾಗಿಲ ಹಗ್ಗ ಬಲಗೈಯಲ್ಲಿ, ಗೇರು ಎಡಗೈಯಲ್ಲಿ,
ಸ್ಟಿಯರಿಂಗಿಗೆ ಮೊಣಕಾಲು.
ಹೀಗೇ ಕಲಿತದ್ದು ನಾನು ಲ್ಯಾಂಡ್‌ರೋವರ್ ಓಡಿಸಲು
ಇಪ್ಪತ್ತಮೂರರ ಪ್ರಾಯದಲ್ಲಿ, ಫಾಕ್‌ಲ್ಯಾಂಡಿನ ಪಡುವಣ ದ್ವೀಪದಲ್ಲಿ.
ಊರೂರಿಗಲ್ಲ, ಒಲೆಯಿಂದ ಒಲೆಗೆ ಹೋಗಿ
ಕುರಿಗಾಹಿಗಳ ಮಕ್ಕಳಿಗೆ ಮಗ್ಗಿ ಹೇಳಿಕೊಡುವ ಕೆಲಸ.

ಒಂದು ಮನೆಗೂ ಇನ್ನೊಂದಕ್ಕೂ ನಡುವೆ
ರಸ್ತೆ ಎಂಬ ಮಾತೇ ಇರಲಿಲ್ಲ.
ಬಿಳಿಹುಲ್ಲು, ಕಲ್ಲಿನ ಹೊಳೆ, ಮತ್ತೆ ಬಿಳಿಹುಲ್ಲು,
ಅದರಡಿ ಉಸಿರು ಬಿಗಿಹಿಡಿದು ಕಾಯುವ ಪೀಟು,
ಸಾವಿರಾರು ವರ್ಷ ಕೊಳೆತ ಹುಲ್ಲಿನ ಕಪ್ಪು ಹಿಟ್ಟು.
ನಿನ್ನೆಯ ಗಾಲಿಗುರುತಿನ ಮೇಲೆ ಇಂದು ಹೋಗಕೂಡದು
ಎಂದಿದ್ದ ಲಾಕ್ಲನ್:
"ನೆಲಕ್ಕೆ ನೆನಪಿರುತ್ತೆ, ಟೀಚರ್. ಎರಡನೇ ಸಲ ಬಿಡಲ್ಲ."

ಬಿಡಲಿಲ್ಲ.
ಮೊದಲ ಚಳಿಗಾಲಕ್ಕೇ ಹನ್ನೊಂದು ಸಲ ಹೂತೆ.
ಸಲಕ್ಕೊಂದರಂತೆ ಮೊಳೆಯಿಂದ ಗೀರು
ಡ್ಯಾಶ್‌ಬೋರ್ಡಿನ ಹಸಿರು ಬಣ್ಣದ ಮೇಲೆ,
ಐದಾದರೆ ಅಡ್ಡಗೆರೆ.

ಹೂತ ಮೇಲೆ ಮಾಡುವುದೇನು?
ಜಾಕು ಇಳಿಸು, ಹಲಗೆ ಇಳಿಸು, ಸನಿಕೆ ಇಳಿಸು,
ಪುಸ್ತಕದ ಟ್ರಂಕು ಇಳಿಸು, ನಾಯಿ ಇಳಿಸು,
ಕೊನೆಗೆ ಬಿಗುಮಾನ ಇಳಿಸಿ
ಬೋರಲು ಬಿದ್ದು ಆಕ್ಸಲ್ಲಿನಡಿ ತೋಡು.
ಜಾಕು ಎತ್ತಿದಷ್ಟೂ ಹಲಗೆ ಕೆಳಗಿಳಿಯುತ್ತದೆ,
ಗಾಡಿ ಮಾತ್ರ ಇದ್ದಲ್ಲೇ.
ಇನ್ನೊಂದು ಹಲಗೆ. ಇನ್ನೊಂದು ಬೈಗುಳ.
ಜಾನಿ ರೂಕ್ ಎಂಬ ಕಳ್ಳ ಗಿಡುಗ ಬಂದು
ಟೊಪ್ಪಿ ಕಚ್ಚಿಕೊಂಡು ಹೋಗುತ್ತದೆ. ಒಮ್ಮೆ ಸ್ಪಾನರನ್ನೂ.

ಎರಡನೆಯ ಗಾಡಿ ಉದ್ದನೆಯದು, ಬೂದುಬಣ್ಣ,
ಕುರಿ ಹೊತ್ತು ಹೊತ್ತು ಅದರ ಉಸಿರೇ ಉಣ್ಣೆ.
ಹೀಟರ್ ಇತ್ತು, ಬಿಸಿ ಮುಟ್ಟುತ್ತಿದ್ದದ್ದು
ಎಡಗಾಲ ಹೆಬ್ಬೆರಳಿಗೆ ಮಾತ್ರ.
ಅದರಲ್ಲೇ ಒಂದು ಆಗಸ್ಟಿನ ರಾತ್ರಿ, ಹಿಮ ಬೀಳುವಾಗ,
ಕೊನೆಯ ಬೇಲಿಯಾಚೆ ಹೂತು
ಇಡೀ ದ್ವೀಪಕ್ಕೆ ಕೇಳುವ ಆ ರೇಡಿಯೋದಲ್ಲಿ ಹೇಳಿದೆ:
"ನಾನು, ರೊವೀನಾ. ಮತ್ತೆ."
ಯಾರೋ ನಕ್ಕರು. ಬೆಳಗಾಗಲಿ, ಬರ್ತೀವಿ ಅಂದರು.
ಎಂಟು ವರ್ಷದ ಯೂನಾ
ನನಗೆ ನಿದ್ದೆ ಹತ್ತಬಾರದು ಅಂತ
ಹದಿಮೂರರ ಮಗ್ಗಿ ಒಪ್ಪಿಸತೊಡಗಿದಳು,
ಗರಗರ ಸದ್ದಿನ ನಡುವೆ:
ಹದಿಮೂರೇಳ್ಲೆ ತೊಂಬತ್ತೊಂದು,
ಹದಿಮೂರೆಂಟ್ಲೆ ನೂರಾನಾಲ್ಕು...
ನಾನು ಕಲಿಸಿದ್ದು ಹನ್ನೆರಡರವರೆಗೆ.
ಮುಂದಿನದು ಅವಳೇ ಕತ್ತಲಲ್ಲಿ ಕಟ್ಟಿಕೊಂಡದ್ದು.

ಬೆಳಿಗ್ಗೆ ಲಾಕ್ಲನ್ ಟ್ರಾಕ್ಟರಿನಲ್ಲಿ ಬಂದ.
ಹಗ್ಗ ಕಟ್ಟಿದ. ಎಳೆದ. ಅವನದೂ ಹೂತಿತು.
ಇಬ್ಬರೂ ಬಾನೆಟ್ಟಿನ ಮೇಲೆ ಕೂತು
ತಣ್ಣಗಿನ ಕುರಿಮಾಂಸ ತಿಂದೆವು, ಒಂದೇ ಚಾಕುವಿನಲ್ಲಿ.
ಇದನ್ನೇ ಪ್ರೇಮ ಅನ್ನುತ್ತಾರೋ ಏನೋ.
ಅವನು ಮದುವೆಯಾದದ್ದು ಹಡಗಿನಲ್ಲಿ ಬಂದ ನರ್ಸನ್ನು,
ನನಗೆ ಉಳಿದದ್ದು ಅವನ ಒಳ್ಳೆಯ ಜಾಕು.

ಮೂರನೆಯದರ ಬಗ್ಗೆ ಹೇಳಲು ಹೆಚ್ಚಿಲ್ಲ.
ಅದು ಎಂದೂ ಕೈಕೊಡಲಿಲ್ಲ.

ಈಗ ಜಲ್ಲಿರಸ್ತೆ. ಹದಿನಾಲ್ಕು ಗಂಟೆಯ ಹಾದಿ
ಐವತ್ತು ನಿಮಿಷ. ಒಳ್ಳೆಯದೇ ಆಯಿತು.
ಹೆರಿಗೆನೋವಿನಲ್ಲಿ ಹೂತುಕೊಂಡವರನ್ನು ಕೇಳಿ ನೋಡಿ.
ನನ್ನ ಮೊಣಕಾಲೂ ಹೌದು ಅನ್ನುತ್ತದೆ.
ಆದರೂ ಟಾರ್ಚು ಹಿಡಿದು ಎದುರು ಬರುತ್ತಿದ್ದರಲ್ಲ,
ಕೆಟಲು ಒಲೆಯ ಮೇಲಿಟ್ಟು,
ಈಗ ನಾನು ಬಂದದ್ದು ನಾಯಿಗೂ ಗೊತ್ತಾಗುವುದಿಲ್ಲ.

ಮೊನ್ನೆ ಮೊದಲನೆಯದನ್ನು ನೋಡಿದೆ.
ಯೂನಾಳ ಅಪ್ಪನಿಗೆ ನಾನು ಮಾರಿದ್ದು, ಎರಡು ಕುರಿಗೆ
ಮತ್ತು ಒಂದು ಸೀಸೆ ಡಿಡಲ್‌ಡೀ ಹಣ್ಣಿನ ಜಾಮಿಗೆ.
ಉಣ್ಣೆ ಷೆಡ್ಡಿನ ಹಿಂದೆ ನಿಂತಿದೆ. ಗಾಲಿಯಿಲ್ಲ, ಎಂಜಿನ್ನಿಲ್ಲ.
ಅಲ್ಯುಮಿನಿಯಂ ಮೈ, ತುಕ್ಕಿಗೂ ಬಗ್ಗದ ಮೊಂಡುಮುದುಕಿ.
ಗೀರು ಎಣಿಸಿದೆ, ಎರಡು ಸಲ: ಇನ್ನೂರೆಂಟು.
ಹಿಂದಿನಿಂದ ಯೂನಾ, ಐವತ್ತು ದಾಟಿದವಳು,
ಕೈಯ ಗ್ರೀಸು ಒರೆಸುತ್ತ ಥಟ್ಟನೆ ಅಂದಳು:
"ಹದಿಮೂರು ಹದಿನಾರ್ಲೆ."

ಹತ್ತಿ ಕೂತೆ. ಬಾಗಿಲಿಗೆ ಹಗ್ಗವಿರಲಿಲ್ಲ.
ಪಕ್ಕದ ಸೀಟಿನ ಸ್ಪ್ರಿಂಗಿನ ಮೇಲೆ ಕಾವಿಗೆ ಕೂತ ಕೋಳಿ
ಕತ್ತು ಓರೆಮಾಡಿ ನೋಡಿತು,
ನಿನ್ನ ಸ್ಟಾಪು ಯಾವಾಗಲೋ ಬಂತು,
ಇನ್ನು ಇಳಿ ಎಂಬಂತೆ.