ಒಂದು ಕುದಿ ಕಡಿಮೆ

ನೈಲಾನು ಸುಮ್ಮನೆ ಬಣ್ಣ ಹಿಡಿಯುವುದಿಲ್ಲ.
ಹಳೇ ಪಾತೇಲಿ, ಎರಡು ಚಮಚ ಪುಡಿ;
ನೀರು ಕುದಿಗೆ ಮೊದಲಿನ ಗುಜುಗುಜಿನಲ್ಲೇ ನಿಲ್ಲಬೇಕು.
ಒಂದು ಕುದಿ ಹೆಚ್ಚಾದರೆ
ಗೊಂಬೆಯ ಜಡೆ ಒಣಸಿಗಡಿಯ ಹಾಗೆ
ಮುದುಡಿ ಕೂರುತ್ತದೆ.

ಹೊಂಗೂದಲನ್ನು ಕಪ್ಪಾಗಿಸಿದ್ದೇನೆ, ಕೆಂಪಾಗಿಸಿದ್ದೇನೆ,
ಒಮ್ಮೆ ಕಾಳಿ ಅಳಿವೆಯ ಹಸಿರು ಕೂಡ.
ಸುಹಾನಿ ತಂದದ್ದು ಕಡುಗಪ್ಪು ವಿಗ್ಗು:
‘ನಿನ್ನೆಯವರೆಗಿನ ಅಜ್ಜಿಯ ಹಾಗೆ
ಬಿಳಿ ಮಾಡಿಕೊಡು.’

ಹಿಂದಕ್ಕೆ ಹೋಗುವ ಬಣ್ಣ
ನನ್ನ ಒಲೆಗೆ ಗೊತ್ತಿಲ್ಲ ಮಗೂ.
ಬಾಗಿಲಲ್ಲಿ ಶೇವಂತಿಬಾಯಿ,
ಬೈತಖೋಲದಲ್ಲಿ ಬಂಗಡೆ ಮಾರುವವಳು,
ಹೊಸ ಡೈ ಹತ್ತಿದ ಕಿವಿ ಉಜ್ಜಿಕೊಂಡು ನಕ್ಕಳು.

ಸಂಜೆ
ಹರಿದ ಬಿಳಿ ಬಲೆಯ ಗಂಟು ಬಿಚ್ಚಿದೆ,
ಎರಡು ಸಲ ಸೋಪು ಹಾಕಿ ತೊಳೆದೆ,
ಎಳೆಯೆಳೆಯಾಗಿ ನೆತ್ತಿಗೆ ನೆಟ್ಟೆ.

ಸುಹಾನಿ ನೋಡಲಿಲ್ಲ, ಮೂಸಿದಳು.
‘ಹ್ಞಾಂ,’ ಅಂದಳು,
‘ಅಜ್ಜಿಯೇ.’