ಕಾಳಿನ ಲೆಕ್ಕ

ಮಾರ್ಸೆಲಿನ್, ದೀಪ ಇತ್ತ ಸರಿಸು.
ಮೇಜಿನ ಮೇಲಿನ ಚಹಾದ ಕಲೆ ಒರೆಸಿಬಿಡು,
ಡಬ್ಬಿಗಳನ್ನು ಬಿಚ್ಚೋಣ.
ನಾಳೆ ಆರಕ್ಕೆ ದೋಣಿ. ಕೊಯುಕುಕ್ ನದಿಯ ಅಂಚಿಗೆ
ಈಗಾಗಲೇ ಗಾಜಿನ ಸಿಪ್ಪೆ ಕಟ್ಟುತ್ತಿದೆ.

ಗುಂಡಿನ ತೂಕ ಗ್ರೇನಿನಲ್ಲಿ. ಗ್ರೇನ್ ಅಂದರೆ ಕಾಳು, ಅಷ್ಟೇ.
ಯಾವ ಕಾಲದವರೋ, ಎಲ್ಲಿಯವರೋ
ಜವೆಯ ಕಾಳನ್ನು ತಕ್ಕಡಿಗೆ ಹಾಕಿ
ಬೆಳ್ಳಿ ತೂಗುತ್ತಿದ್ದರಂತೆ.
ನಮ್ಮ ದಂಡೆಯಲ್ಲಿ ಜವೆ ಏಳುವುದಿಲ್ಲ.
ಆದರೂ ಕಾಳಿನಲ್ಲೇ ಎಣಿಸುತ್ತೇವೆ,
ಜನ್ಮದಲ್ಲಿ ಒಂದು ಸಾಲು ಬಿತ್ತದವರು.

ನಲವತ್ತು ಕಾಳು. ಇದು ಸಣ್ಣ ರೈಫಲ್ಲಿನದು,
ಮೊಲಕ್ಕೆ, ಹಿಮಕೋಳಿಗೆ.
ತಲೆಗೇ ಹೊಡೆ. ಸಾರಿನಲ್ಲಿ ಸೀಸ ಹಲ್ಲಿಗೆ ಸಿಕ್ಕರೆ
ಯೂಲಾಲಿಯಾ ಅತ್ತೆ ಅದನ್ನು ತಟ್ಟೆಯಂಚಿಗೆ ಉಗುಳಿ
ಊಟ ಮುಗಿಯುವ ತನಕ ನಿನ್ನನ್ನೇ ನೋಡುತ್ತಾಳೆ.
ದೊಡ್ಡ ರೈಫಲ್ ಎತ್ತಿಕೊಂಡೆಯೋ, ಕೆಟ್ಟೆ:
ಗುಬ್ಬಿಗೆ ಬ್ರಹ್ಮಾಸ್ತ್ರ ಬಿಟ್ಟ ಹಾಗೆ,
ಮನೆಗೆ ತರಲು ಎರಡು ಕಿವಿ ಉಳಿಯುತ್ತವೆ.

ನೂರೈವತ್ತು. ಕ್ಯಾರಿಬೂಗೆ.
ಅವು ಬಯಲಲ್ಲಿ, ದೂರದಲ್ಲಿ, ನಿಲ್ಲದೆ ಸಾಗುವವು.
ಹಗುರ ಗುಂಡು ಬೇಗ ಮುಟ್ಟುತ್ತದೆ, ಕಡಿಮೆ ಬೀಳುತ್ತದೆ,
ತೆಳು ಪಕ್ಕೆಗೆ ಅಷ್ಟು ಸಾಕು.

ನೂರೆಂಬತ್ತು. ಮೂಸ್‌ಗೆ.
ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು.

ಆ ವರ್ಷ ಸರಕಿನ ಬಾರ್ಜ್ ತಡವಾಗಿತ್ತು.
ಚೆಸ್ಟರ್ ಅಂಗಡಿಯ ಹಲಗೆಯಲ್ಲಿ ನೂರೆಂಬತ್ತರ ಜಾಗದಲ್ಲಿ
ಧೂಳಿನ ನಡುವೆ ಡಬ್ಬಿಯ ಚೌಕ ಮಾತ್ರ.
‘ನೂರೈವತ್ತು ಒಯ್ಯಿ, ಅದೂ ಕೊಲ್ಲುತ್ತದೆ’ ಅಂದ.
ಸುಳ್ಳಲ್ಲ. ಪಕ್ಕೆಗಾದರೆ, ದೂರದಿಂದಾದರೆ, ಕೊಲ್ಲುತ್ತದೆ.
ನಾನು ಹೊಡೆದದ್ದು ಮೂವತ್ತು ಹೆಜ್ಜೆಯಿಂದ,
ವಿಲ್ಲೋ ಪೊದೆಯ ಸಂದಿಯಲ್ಲಿ, ಭುಜದ ಕೀಲಿಗೆ.
ಹಗುರ ಗುಂಡಿಗೆ ಹತ್ತಿರದಲ್ಲಿ ಎಲ್ಲಿಲ್ಲದ ಆವೇಶ;
ಎಲುಬು ತಾಗಿದ್ದೇ ತಡ, ಹೆಂಟೆಯ ಹಾಗೆ ಒಡೆಯಿತು,
ಆಳಕ್ಕೆ ಇಳಿಯಬೇಕಾದ್ದು ಮೇಲೇ ಚೆಲ್ಲಿತು.

ಅದು ಬೀಳಲಿಲ್ಲ. ಓಡಲೂ ಇಲ್ಲ.
ಒಮ್ಮೆ ಇತ್ತ ತಿರುಗಿ ನೋಡಿ
ಏನೋ ಮರೆತು ಬಂದವರಂತೆ ನಡೆದುಹೋಯಿತು.

ಎರಡು ದಿನ ಹುಡುಕಿದೆವು, ನಾನೂ ಸೈರಿಲ್ ಮಾವನೂ.
ಬ್ಲೂಬೆರಿ ಎಲೆ ಆಗಲೇ ಕೆಂಪು ತಿರುಗಿದ್ದವು.
ಯಾವುದು ಎಲೆ, ಯಾವುದು ರಕ್ತ,
ಬೆರಳಿಟ್ಟು ನೋಡಬೇಕಿತ್ತು.
ಮೂರನೆಯ ಬೆಳಿಗ್ಗೆ ಕಾಡುಕಾಗೆಗಳು ಕರೆದು ತೋರಿಸಿದವು.
ಇಡೀ ಚಳಿಗಾಲದ ಮಾಂಸ, ನಾತ ಹಿಡಿದು,
ಇನ್ನೂ ಬಿಸಿ ಇತ್ತು ಒಳಗೆ.
ಮಾವ ಬೈಯಲಿಲ್ಲ. ಪ್ರಾಣಿಯ ಎದುರು ಟೋಪಿ ತೆಗೆದು
ತುಂಬಾ ಹೊತ್ತು ಅದರೊಡನೆ ಮೆಲ್ಲಗೆ ಮಾತಾಡಿದ.
ನನಗೆ ಕೇಳಿಸಲಿ ಅಂತ ಆಡಿದ ಮಾತಲ್ಲ ಅದು.
ಆಮೇಲೆ ಭುಜದಿಂದ ಸೀಸದ ಚೂರು ಕಿತ್ತು ನನ್ನ ಅಂಗೈಯಲ್ಲಿಟ್ಟ.

ಚೆಸ್ಟರ್‌ನ ಪುಟ್ಟ ತಕ್ಕಡಿಯಲ್ಲಿ ತೂಗಿಸಿದೆ:
ಅರವತ್ತೆರಡು ಕಾಳು.
ನೂರೈವತ್ತರಲ್ಲಿ ಅರವತ್ತೆರಡು ಕಳೆ, ಮಗಳೇ.
ನೀನು ಲೆಕ್ಕದಲ್ಲಿ ಜಾಣೆ.
ಹಾಂ. ಅಷ್ಟು.

ಆ ಮೂಲೆಯ ಡಬ್ಬಿಯೇ? ಇನ್ನೂರಿಪ್ಪತ್ತು.
ಅದು... ಬೆಟ್ಟದ ಮಗ್ಗುಲಲ್ಲಿ ಮಲಗುವವನಿಗೆ.
ಹೆಸರು ಕೇಳಬೇಡ, ಹೆಂಗಸರು ನಾವು ಆಡುವುದಿಲ್ಲ,
ಅವನ ಕಿವಿ ಚುರುಕು.
ಭಾರದ ಗುಂಡು, ನಿಧಾನ, ಎಲುಬು ಬಂದರೂ ದಾರಿ ಬಿಡುವುದಿಲ್ಲ.
ಹನ್ನೊಂದು ವರ್ಷದಿಂದ ಎರಡನ್ನು ಜೇಬಿನಲ್ಲಿ ಹೊತ್ತಿದ್ದೇನೆ;
ಹಿತ್ತಾಳೆ ಹಸಿರುಗಟ್ಟಿದೆ, ಒಳ್ಳೆಯದೇ ಆಯಿತು.

ನಾಳೆ ನಿನಗೆ ನೂರೆಂಬತ್ತರವು ಐದು.
ಒಂದು ಸಾಕಾಗುವ ತನಕ ಕಾಯಿ.
ಪೊದೆ ಅಲುಗಿದ ಮಾತ್ರಕ್ಕೆ ಬೆರಳು ಅಲುಗಬಾರದು.
ಇನ್ನು ಮಲಗು. ಸಾಕ್ಸ್ ಒಲೆಯ ಮೇಲಿದೆ,
ಸುಟ್ಟೀತು, ತಿರುಗಿಸಿ ಹಾಕು.